ಹಗುರ ಕೆಲಸದ ಭಾರ

ಮಾನ್ಯ ತರಬೇತಿ ನಿರ್ದೇಶಕರೇ,

ನೀವು ನಮ್ಮ ಕಚೇರಿಯ ಮೇಲ್ವಿಚಾರಕರಿಗೆ ನೌಕರರ ಹಕ್ಕುಗಳನ್ನು ಕಲಿಸಿ ಕಳಿಸಿದ್ದೀರಿ. ಏಳು ತಿಂಗಳ ಬಸುರಿಯಾದ ನನ್ನ ನಾದಿನಿಗೆ ಅಂದಿನಿಂದ ಕೂರಲು ಕುರ್ಚಿಯಿಲ್ಲ. ಇದೇ ನನ್ನ ದೂರು.

ಅವಳು ದಾಖಲೆ ಕೋಣೆಯ ಸಹಾಯಕಿ, ನಾನು ಅದೇ ಕಟ್ಟಡದ ಟಪಾಲು ವಿಭಾಗದವಳು. ತರಬೇತಿಗೆ ಮುಂಚೆ ನಮ್ಮ ಮೇಲ್ವಿಚಾರಕರಿಗೆ ಕಾನೂನಿನ ಗಂಧಗಾಳಿ ಇರಲಿಲ್ಲ. ಅವಳು ಕಡತದ ಕಟ್ಟು ಎತ್ತಿ ಏದುಸಿರು ಬಿಟ್ಟರೆ ಗೊಣಗುತ್ತಲೇ, "ಸಾಕು, ಕೂತ್ಕೊಳ್ಳಮ್ಮ" ಎನ್ನುತ್ತಿದ್ದರು. ಪಾಪ, ಅಜ್ಞಾನಿ. ನೀವು ಅವರನ್ನು ತಂಪು ಸಭಾಂಗಣದಲ್ಲಿ ಕೂರಿಸಿ, ಗರ್ಭಿಣಿಗೆ ಹಗುರ ಕೆಲಸ ಕೊಡಬೇಕೆಂದು ಹೇಳಿಕೊಟ್ಟಿರಿ. ಬಂದವರೇ ಅವಳನ್ನು ಹೊರಬಾಗಿಲಿಗೆ ಹಾಕಿದರು. ಬರುವವರ ಗುರುತಿನ ಚೀಟಿ ನೋಡಿ ಒಳಗೆ ಬಿಡುವ ಕೆಲಸ. ಎತ್ತುವುದೇನೂ ಇಲ್ಲ, ಬೆಳಗಿನಿಂದ ಸಂಜೆಯವರೆಗೆ ನಿಂತಿರುವುದಷ್ಟೇ.

ನಾನೇ ಹೋಗಿ ಕುರ್ಚಿ ಕೇಳಿದೆ. "ಭಾರ ಎತ್ತಿಸ್ಬಾರ್ದು ಅಂತ ಹೇಳಿಕೊಟ್ಟಿದ್ದಾರಮ್ಮ. ಕೂರಿಸ್ಬೇಕು ಅಂತ ಯಾರೂ ಹೇಳಿಲ್ಲ. ನಾಳೆ ಹೆಚ್ಚುಕಮ್ಮಿ ಆದ್ರೆ ನನ್ನ ತಲೆಗೆ ಬರುತ್ತೆ," ಎಂದರು. ನನ್ನ ಕುರ್ಚಿಯನ್ನೇ ಒಯ್ದು ಹಾಕಿದೆ. ಬೆಂಕಿ ಬಿದ್ದರೆ ದಾರಿಗೆ ಅಡ್ಡವಾಗುತ್ತದೆಂದು ತೆಗೆಸಿದರು. ಅದೂ ನಿಮ್ಮದೇ ಪಾಠವಂತೆ. ಅವರು ಕೆಟ್ಟವರಲ್ಲ ಸ್ವಾಮಿ, ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಹೆದರಿಕೊಂಡವರ ಜೊತೆ ಏನು ಮಾಡಲಿ? ಇಷ್ಟು ಓದಿಸಿದ ಮೇಲೆ ಅವರಿಗೆ ಅರ್ಥವಾದದ್ದು ತಾವು ಸಿಕ್ಕಿಬೀಳದೆ ಇರುವುದು ಹೇಗೆಂಬುದೊಂದೇ.

ನಿನ್ನೆ ಅವಳ ಕಾಲು ಊದಿ ಚಪ್ಪಲಿಯೊಳಗೆ ಹೋಗಲಿಲ್ಲ. ರಕ್ತದೊತ್ತಡ ಏರಿದೆ, ಹೀಗೇ ನಿಂತಿದ್ದರೆ ಮಗು ಉಳಿಯುವುದು ಕಷ್ಟವೆಂದು ವೈದ್ಯೆ ಹೇಳಿದ್ದಾರೆ. ರಜೆ ಕೇಳಿದೆವು. ಹಗುರ ಕೆಲಸ ಕೊಟ್ಟ ಮೇಲೂ ರಜೆ ಯಾಕೆ ಎಂಬ ಪ್ರಶ್ನೆ ಬಂದಿದೆ. ಇದಕ್ಕೆ ಯಾವ ಉತ್ತರ ಕೊಡಬೇಕು, ನೀವೇ ಹೇಳಿಕೊಡಿ. ನನಗಂತೂ ಅಳು ಬರುತ್ತದೆ, ಸಿಟ್ಟು ಮಾಡುವುದಕ್ಕೂ ತ್ರಾಣವಿಲ್ಲ.

ನನ್ನ ಬೇಡಿಕೆ ಇಷ್ಟೇ: ಗರ್ಭಿಣಿ ಕೂರಬಹುದು ಎಂದು ಒಂದು ಸಾಲಿನ ಆದೇಶ ಕಳಿಸಿ, ಇವತ್ತೇ ಕಳಿಸಿ. ಕಳಿಸುತ್ತೀರೆಂಬ ನಂಬಿಕೆ ನನಗಿಲ್ಲ. ನಾದಿನಿಗಂತೂ ಮೊದಲೇ ಇಲ್ಲ. ಪತ್ರ ಬರೆಯುತ್ತೇನೆಂದು ಹೇಳಿದಾಗ ಅವಳು ಗೋಡೆಗೆ ಒರಗಿಕೊಂಡು, "ಬೇಡ ಅತ್ತಿಗೆ. ಅವ್ರನ್ನ ಇನ್ನೊಂದ್ಸಲ ತರಬೇತಿಗೆ ಕಳಿಸಿಬಿಡ್ತಾರೆ," ಎಂದಳು.

ಇಂತಿ,
ಕುರ್ಚಿಯನ್ನು ವಾಪಸ್ ತಂದುಕೊಂಡು ಅದರಲ್ಲೇ ಕೂತಿರುವ ಅತ್ತಿಗೆ