ಭೂಮಿಪೂಜೆಗೆ ಬಂದ ನೀರು

ಸೀವುಡ್ಸ್, ನವಿ ಮುಂಬಯಿ
೫ ಫೆಬ್ರವರಿ ೨೦೨೬, ಗುರುವಾರ

ಪ್ರೀತಿಯ ಸುಜನ್,

ಹೇಗಿದ್ದೀ? ದೋಹಾದಲ್ಲಿ ಧೂಳು ಎದ್ದಾಗ ಹಿಡಿಯುವ ಆ ಒಣ ಕೆಮ್ಮು ಈ ಸಲವೂ ಬಂತೇ? ನಿಕಿತಾಳ ಬೆನ್ನುನೋವು ಕಡಿಮೆಯಾಗಿರಬೇಕು. ಪುಟ್ಟಿ ಅನುಷ್ಕಾಳ ಮುಂದಿನ ಹಲ್ಲು ಬಿದ್ದ ಫೋಟೋ ನೋಡಿ ಅಪ್ಪ ಬಹಳ ಹೊತ್ತು ನಕ್ಕರು, ಆಮೇಲೆ ತಮ್ಮ ಕಟ್ಟಿಸಿದ ಹಲ್ಲನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಅವರ ಮಂಡಿ ಹಾಗೆಯೇ ಇದೆ. ಬಿ.ಪಿ. ಸರಿಯಿದೆ. ನಾನೂ ಸರಿಯಿದ್ದೇನೆ ಎಂದು ಬರೆಯಬೇಕು; ಆದರೆ ನಾಲ್ಕು ದಿನಗಳಿಂದ ನನಗೆ ಸಿಟ್ಟು ಬಂದಿದೆ, ಇಳಿಯುತ್ತಿಲ್ಲ. ನನಗೆ ಸಿಟ್ಟು ಅಪರೂಪ. ಆಫೀಸಿನಲ್ಲಿ ನನ್ನನ್ನು ಕಲ್ಲು ಎನ್ನುತ್ತಾರೆ ಎಂದು ನಿನಗೂ ಗೊತ್ತು. ಫೋನಿನಲ್ಲಿ ಹೇಳೋಣವೆಂದರೆ, ಮಾತು ಗಂಭೀರವಾದ ಕೂಡಲೇ ‘ಅಕ್ಕಾ, ನೆಟ್‌ವರ್ಕ್ ಸರಿ ಇಲ್ಲ’ ಎನ್ನುವುದು ನಿನ್ನ ಅಭ್ಯಾಸ. ಆದ್ದರಿಂದ ಕಾಗದ. ನನ್ನ ಸಹೋದ್ಯೋಗಿಯೊಬ್ಬರು ನಾಳೆ ದೋಹಾಕ್ಕೆ ಹೊರಟಿದ್ದಾರೆ, ಅವರ ಕೈಯಲ್ಲಿ ಕೊಡುತ್ತೇನೆ.

ವಿಷಯ ನೀನು ಅಪ್ಪನ ಹೆಸರನ್ನು ನಿನ್ನ ಹೆಸರಿನ ಜೊತೆ ಸೇರಿಸಿ ಬುಕ್ ಮಾಡಿರುವ ಹೊಸ ಮನೆಯದು. ಸಮುದ್ರದ ನೀರು ಒಳನುಗ್ಗುವ ಈ ಖಾಡಿಯ ಬದಿಯಲ್ಲಿ ಏಳಲಿರುವ ಆ ಟವರಿನಲ್ಲಿ, ಹನ್ನೊಂದನೆಯ ಮಾಳಿಗೆಯಲ್ಲಿ, ಬಾಲ್ಕನಿಯಿಂದ ರಾಜಹಂಸಗಳು ಕಾಣುವ ಮನೆ. ‘ಮಂಡಿ ನೋವಿನಲ್ಲಿ ಅಪ್ಪ ಯಾಕೆ ಆ ಕೆಸರಿನ ದಾರಿ ನಡೀಬೇಕು, ಕುರ್ಚಿಯಲ್ಲಿ ಕೂತೇ ಹಕ್ಕಿ ನೋಡ್ಲಿ’ ಎಂದೆ ನೀನು. ಬೈನಾಕ್ಯುಲರನ್ನೂ ಕಳುಹಿಸಿದೆ. ನಿನ್ನ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಅನುಮಾನ ಇಲ್ಲದಿರುವುದೇ ಕಷ್ಟ.

ಡೊಂಬಿವಲಿಯ ಹೋಟೆಲು ಬಿಟ್ಟುಕೊಟ್ಟು ನನ್ನ ಜೊತೆ ಇರಲು ಬಂದ ಮೇಲೆ ಅಪ್ಪ ಹೇಗೆ ಬದುಕಿದ್ದಾರೆ ಎನ್ನುವುದನ್ನು ನೀನು ರಜೆಯ ಕೆಲವೇ ದಿನಗಳಲ್ಲಿ ನೋಡಿದ್ದೀ. ಬೆಳಿಗ್ಗೆ ಚಹಾ ಕುಡಿದು ಖಾಡಿಯ ಒಡ್ಡಿನ ಮೇಲೆ ನಡೆಯುವುದು, ಅದಷ್ಟೇ ಅವರ ದಿನ. ಉಳಿದದ್ದು ಮರುದಿನದವರೆಗಿನ ಕಾಯುವಿಕೆ. ನಾನು ಜೊತೆಗೆ ಹೋಗುವುದು ಭಾನುವಾರ ಮಾತ್ರ. ಹಕ್ಕಿಗಳ ಪುಸ್ತಕ ಕೊಟ್ಟರೆ ತೆರೆಯುವುದಿಲ್ಲ. ಎಲ್ಲಕ್ಕೂ ಹೋಟೆಲಿನ ಹೆಸರುಗಳೇ. ಒದ್ದೆ ನೆಲದಲ್ಲಿ ಉದ್ದನೆಯ ಕಾಲನ್ನು ಎತ್ತಿ ಎತ್ತಿ ಇಡುವ ಮೆಟ್ಟುಗಾಲು ಹಕ್ಕಿ ಅವರಿಗೆ ‘ಹೊಸ ವೇಟರ್’. ಯಾರ ಜೊತೆಗೂ ಸೇರದೆ ದಂಡೆಯಲ್ಲಿ ನಿಲ್ಲುವ ಬೂದು ಬಕ ‘ಗಲ್ಲೆಯ ಮೇಲಿನ ಶೇಟ್’, ದುಡ್ಡಿನ ಪೆಟ್ಟಿಗೆಯ ಮುಂದೆ ಕೂರುವ ಧಣಿ. ರಾಜಹಂಸಗಳು ತಲೆಯನ್ನು ತಿರುವುಮುರುವು ಮಾಡಿ ಕೆಸರನ್ನು ಸೋಸಿ ತಿನ್ನುವುದನ್ನು ನೋಡಿ ‘ಪಾಪ, ಇಷ್ಟು ಚಂದದ ಬಟ್ಟೆ ಹಾಕ್ಕೊಂಡು ಹಂಡೆ ತಿಕ್ಕುತ್ತಾವೆ ನೋಡು ಜಯಾ’ ಎನ್ನುತ್ತಿದ್ದರು. ಅವರಿಗೆ ಹಕ್ಕಿ ಮೇಲಿನಿಂದ ಕಾಣಬೇಕಿಲ್ಲ. ಅವುಗಳ ಮಟ್ಟದಲ್ಲೇ ನಿಂತು, ಕಾಲಿಗೆ ಅದೇ ಕೆಸರು ಮೆತ್ತಿಸಿಕೊಂಡು, ಅವು ಕೆಲಸ ಮಾಡುವುದನ್ನು ನೋಡಬೇಕು. ಇದನ್ನು ನಾನು ನಿನಗೆ ಮೊದಲೇ ಹೇಳಬಹುದಿತ್ತು. ನೀನು ಕೇಳಬಹುದಿತ್ತು.

ಹೋದ ಭಾನುವಾರ ಆ ಟವರಿನ ಭೂಮಿಪೂಜೆ. ಬಿಲ್ಡರ್ ನಮ್ಮ ಊರಿನ ಕಡೆಯವನು, ಅದಕ್ಕೇ ಅಲ್ಲವೇ ನೀನು ಜಾಗವನ್ನೂ ನೋಡದೆ ಬುಕ್ ಮಾಡಿದ್ದು? ‘ನಮ್ಮವ’ ಎನ್ನುವ ಒಂದು ಶಬ್ದ ಕೇಳಿದರೆ ಸಾಕು, ನಮ್ಮ ಜನ ಕಣ್ಣು ಮುಚ್ಚಿಕೊಳ್ಳುತ್ತಾರೆ. ಉಡುಪಿಯ ಪುರೋಹಿತರು, ಗೋಳಿಬಜೆ, ಕಾಫಿ, ಬುಕ್ ಮಾಡಿದ ಪ್ರತಿ ಮನೆಯವರಿಗೂ ಗುಂಡಿಯಲ್ಲಿ ಇಡಲು ಕುಂಕುಮ ಹಚ್ಚಿದ ಒಂದು ಇಟ್ಟಿಗೆ. ಎ.ಸಿ. ಬಸ್ಸು ನಮ್ಮನ್ನು ಹೆದ್ದಾರಿಯ ಕಡೆಯಿಂದ ಸುತ್ತಿಸಿ, ಎತ್ತರದ ತಗಡಿನ ಬೇಲಿಯೊಳಗೆ ಇಳಿಸಿತು. ಎಲ್ಲಿದ್ದೇವೆ ಎಂದು ನನಗೆ ತಿಳಿಯಲಿಲ್ಲ. ಅಪ್ಪನಿಗೆ ತಿಳಿಯಿತು. ತಗಡಿನ ಸಂದಿಯಿಂದ ಹೊರಗೆ ಇಣುಕಿ, ನಮ್ಮ ಒಡ್ಡಿನ ಸಿಮೆಂಟ್ ಬೆಂಚನ್ನು ನೋಡಿದರು. ದಿನವೂ ಆ ಬೆಂಚಿನಿಂದ ನೋಡುತ್ತಿದ್ದ ಜಾಗದ ಮೇಲೆ ಈಗ ತಾವೇ ಚಪ್ಪಲಿ ಬಿಟ್ಟು ನಿಂತಿದ್ದರು. ಕಾಲಡಿಯಲ್ಲಿ ಒಡೆದ ಟೈಲ್ಸು, ಗೋಡೆಯ ಚೂರು, ಲಾರಿ ತಂದು ಸುರಿದ ಯಾವುದೋ ಮನೆಗಳ ಅವಶೇಷ. ದೀಪಾವಳಿಯ ನಂತರ ಯಾರೋ ಖಾಡಿಯ ನೀರು ಒಳಗೆ ಬರುವ ಬಾಯಿಗೆ ಮಣ್ಣು ತುಂಬಿದ್ದರು ಎಂದು ನಿನಗೆ ಹೇಳಿದ್ದೆನಲ್ಲ, ನೀರು ಒಣಗಿ ಈ ವರ್ಷ ರಾಜಹಂಸಗಳು ಇಳಿಯಲೇ ಇಲ್ಲ ಎಂದು? ಆ ‘ಯಾರೋ’ ಎದುರಿಗೇ ರೇಷ್ಮೆ ಶಲ್ಯ ಹೊದ್ದು ಕೈಮುಗಿದು ಎಲ್ಲರನ್ನೂ ಸ್ವಾಗತಿಸುತ್ತಿದ್ದ.

ಮುಹೂರ್ತ ನಡು ಮಧ್ಯಾಹ್ನಕ್ಕೆ. ದಿನ ಹುಣ್ಣಿಮೆ, ಶುಭವೆಂದು ಪಂಚಾಂಗ ನೋಡಿ ಆರಿಸಿದ್ದು. ಅಲ್ಲಿ ನೆರೆದಿದ್ದವರೆಲ್ಲ ಮೂಲ್ಕಿ, ಕಾಪು, ಮಲ್ಪೆ ಕಡೆಯವರು. ಅವರ ಅಜ್ಜಂದಿರು ಹುಣ್ಣಿಮೆಯ ಉಬ್ಬರವನ್ನು ಕೇಳದೆ ದೋಣಿ ಇಳಿಸಿದವರಲ್ಲ. ಆ ಉಬ್ಬರ ನಡು ಮಧ್ಯಾಹ್ನದ ಹೊತ್ತಿಗೇ ಏರುತ್ತದೆ ಎಂದು ಒಬ್ಬನಿಗೂ ನೆನಪಾಗಲಿಲ್ಲ. ಮಂತ್ರ ಅರ್ಧಕ್ಕೆ ಬಂದಿರಬೇಕು, ಗುಂಡಿಯ ತಳ ಒದ್ದೆಯಾಯಿತು. ಆಮೇಲೆ ಕನ್ನಡಿಯ ಹಾಗೆ ಹೊಳೆಯಿತು. ಆಮೇಲೆ ಇಟ್ಟಿಗೆಗಳ ಮೇಲಿನ ಕುಂಕುಮ ಕದಡಿ ಮೇಲೆದ್ದಿತು. ಎಲ್ಲಿಂದಲೋ ಒಂದು ಸಣ್ಣ ಏಡಿ ಬಂದು ಅಕ್ಷತೆಯ ಕಾಳು ಎತ್ತಿಕೊಂಡು ಹೋಯಿತು. ಪುರೋಹಿತರು ಒಂದು ಕ್ಷಣ ತಡವರಿಸಿ, ‘ಆಹಾ, ಗಂಗೆ ತಾನಾಗಿ ಬಂದಳು! ಇಂಥ ಭಾಗ್ಯ ಎಲ್ಲರಿಗೂ ಉಂಟಾ?’ ಎಂದರು. ಜನ ಚಪ್ಪಾಳೆ ತಟ್ಟಿದರು. ಹೌದು, ಚಪ್ಪಾಳೆ. ಹೆಂಗಸರು ನೀರನ್ನು ಕಣ್ಣಿಗೆ ಒತ್ತಿಕೊಂಡರು. ಅದೇ ಹೊತ್ತಿಗೆ ಬಿಲ್ಡರ್ ಹಿಂದಕ್ಕೆ ತಿರುಗಿ, ಹಲ್ಲು ಕಚ್ಚಿಕೊಂಡು, ‘ಪಂಪ್ ಲಗಾವ್ ರೇ, ಜಲ್ದಿ’ ಎಂದ. ಗಂಗೆಗೆ ಆರತಿ ಎತ್ತುತ್ತಿದ್ದಾಗಲೇ ಅವಳನ್ನು ಪೈಪಿನಲ್ಲಿ ಎಳೆದು ಬೇಲಿಯಾಚೆ ಚೆಲ್ಲಿದರು. ಡೀಸೆಲ್ ಪಂಪಿನ ಸದ್ದಿಗೆ ಮಂತ್ರ ಕೇಳಿಸಲಿಲ್ಲ.

ಮನೆ ಮಾರುವ ಹುಡುಗ ವಿಶಾಲ್, ಐರೋಲಿಯ ನಮ್ಮ ಪರಿಚಯದವರ ಮಗನೇ, ಅಪ್ಪನ ತೋಳು ಹಿಡಿದು ‘ಅಂಕಲ್, ಆಪ್ ಕೀ ಈಂಟ್ ರಖೋ ನಾ’ ಎಂದು ಇಟ್ಟಿಗೆ ಇಡಲು ಹೇಳಿದ. ಅಪ್ಪ ಇಟ್ಟಿಗೆಯನ್ನು ಎದೆಗೆ ಒತ್ತಿ ಹಿಡಿದುಕೊಂಡೇ ‘ನೀರ್ ಓಡೆಗ್ ಪೋಪುಂಡು ಮಗಾ?’ ಎಂದು ಕೇಳಿದರು. ನೀರು ಎಲ್ಲಿಗೆ ಹೋಗುತ್ತದೆ ಎಂದು, ಅಷ್ಟೇ. ವಿಶಾಲನಿಗೆ ತುಳು ಅರ್ಥವಾಗುತ್ತದೆ. ‘ಚಲಾ ಜಾಯೇಗಾ ಅಂಕಲ್, ಟೆನ್ಶನ್ ನಹೀ ಲೇನೇ ಕಾ’ ಎಂದ, ಹೋಗುತ್ತದೆ ಬಿಡಿ ಎನ್ನುವ ಹಾಗೆ. ಪಕ್ಕದಲ್ಲಿದ್ದ ವಾಶಿಯ ನಾಗವೇಣಿ ಆಂಟಿ ಅಪ್ಪನನ್ನು ತೋರಿಸಿ ನಕ್ಕು, ‘ಚೆನ್ನಯಣ್ಣನಿಗೆ ಹೋಟೆಲಿನ ಬುದ್ಧಿ ಹೋಗ್ಲಿಲ್ಲ ಮಾರಾಯ್ತಿ, ಮೋರಿ ಎಲ್ಲಿ ಅಂತ ಕೇಳ್ತಾರೆ’ ಎಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ, ಏನೂ ಹೇಳಲೂ ಇಲ್ಲ. ದೂರದಿಂದ ನೋಡುವುದನ್ನು ನಾನು ಒಂದು ಗುಣವೆಂದುಕೊಂಡಿದ್ದೆ. ಆ ಮಧ್ಯಾಹ್ನ ನನಗೆ ಹಾಗೆ ಅನ್ನಿಸಲಿಲ್ಲ.

ಅಪ್ಪ ಇಟ್ಟಿಗೆ ಇಡಲಿಲ್ಲ. ಬಸ್ಸು ಹತ್ತಲಿಲ್ಲ. ಕುಂಕುಮದ ಇಟ್ಟಿಗೆಯನ್ನು ಹಿಡಿದುಕೊಂಡೇ ಕುಂಟುತ್ತಾ ಒಡ್ಡಿನ ದಾರಿಯಲ್ಲಿ ಮನೆಗೆ ನಡೆದರು, ನಾನು ಹಿಂದೆ. ಪಂಪು ಹೊರಗೆ ಚೆಲ್ಲಿದ ನೀರು ಬೇಲಿಯಾಚೆಯ ಕುಳಿಯಲ್ಲಿ ನಿಂತಿತ್ತು. ಅಷ್ಟರಲ್ಲೇ ಅದರಲ್ಲಿ ಒಬ್ಬ ‘ಹೊಸ ವೇಟರ್’ ಕಾಲೆತ್ತಿ ಇಡುತ್ತಿದ್ದ. ಅಪ್ಪ ನಿಂತು ನೋಡಿದರು. ಹೆಸರು ಹೇಳಲಿಲ್ಲ.

ನಿಕಿತಾಳಿಗೆ ನನ್ನ ನೆನಪು ಹೇಳು. ಪುಟ್ಟಿಗೆ ಅಜ್ಜನ ಮುತ್ತು. ಆ ಕೆಮ್ಮು ಬಂದಿದ್ದರೆ ಬೇಗ ಇಳಿಯಲಿ, ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಜಯಲತಾ

ಮರೆತೆ: ಒಡ್ಡಿನಲ್ಲಿ ನಡೆಯುವವರೆಲ್ಲ ಸೇರಿ ಟವರಿನ ವಿರುದ್ಧ ತಕರಾರು ಹಾಕಿದ್ದಾರೆ, ಸೋಮವಾರ ವಿಚಾರಣೆ. ಮಾತಾಡಲು ಅಪ್ಪನೂ ಹೋಗಬೇಕೆಂದಿದ್ದರು. ‘ಆ ಮುದುಕನದೇ ಮನೆ ಅಲ್ಲಿ ಬುಕ್ ಆಗಿದೆಯಲ್ಲ’ ಎಂದು ಬಿಲ್ಡರಿನ ಕಡೆಯವರು ಈಗಲೇ ಎಲ್ಲ ಕಡೆ ನಗುತ್ತಿದ್ದಾರೆ. ಬುಕಿಂಗ್ ಬಿಡುತ್ತೇನೆಂದು ನೀನು ಅದಕ್ಕೆ ಮೊದಲು ಬರೆದು ಕಳುಹಿಸಬೇಕು. ಇಬ್ಬರ ಹೆಸರೂ ಇರುವುದರಿಂದ ಅಪ್ಪ ಒಬ್ಬರೇ ಬಿಡಲು ಬರುವುದಿಲ್ಲವಂತೆ. ಇದನ್ನು ನಿನಗೆ ತಿಳಿಸಬೇಡ ಎಂದಿದ್ದಾರೆ, ‘ಮಗ ಆಸೆಯಿಂದ ತೆಗೊಂಡದ್ದು, ಬೇಜಾರು ಮಾಡ್ಕೊಂಡಾನು’ ಎಂದು. ನೀನು ಬುಕಿಂಗ್ ಬಿಡುವುದಿಲ್ಲವೆಂದರೆ ಸೋಮವಾರ ಬಾಯಿ ಮುಚ್ಚಿಕೊಂಡು ಮನೆಯಲ್ಲೇ ಇರುತ್ತಾರೆ, ನಿನ್ನ ಹನ್ನೊಂದನೆಯ ಮಾಳಿಗೆಗೂ ಬರುತ್ತಾರೆ. ಆದರೆ ಬೈನಾಕ್ಯುಲರನ್ನು ಒರೆಸಿ, ಪಟ್ಟಿ ಸುತ್ತಿ, ಅದರ ಡಬ್ಬಿಯಲ್ಲೇ ಇಟ್ಟು ನನ್ನ ಕೈಗೆ ಕೊಟ್ಟಿದ್ದಾರೆ. ಈ ಕಾಗದದ ಜೊತೆ ಬರುತ್ತಿದೆ.