ಮಕ್ಕಳ ಟೆನಿಸ್ ಕ್ಲಾಸಿಗೆ ಇವತ್ತು ಅಪ್ಪ

ಅಪ್ಪಾ,

ನೀನು ಏಳುವ ಮೊದಲೇ ನಾನು ಆಸ್ಪತ್ರೆಗೆ ಹೊರಟೆ. ನನ್ನ ಭುಜದ ಆಪರೇಷನ್ ಹನ್ನೊಂದಕ್ಕೆ. ಎಂಟು ಗಂಟೆಗೆ ನನ್ನ ಟೆನಿಸ್ ಕ್ಲಾಸ್ ನೀನೇ ನೋಡಿಕೋ. ಏಳು ಮಕ್ಕಳು, ಎಲ್ಲರಿಗೂ ಐದಾರು ವರ್ಷ. ಬೇರೆ ಯಾರೂ ಸಿಗಲಿಲ್ಲ ಅಂತಲ್ಲ, ನೀನೇ ಆಗಲಿ ಅಂತ ನಾನೇ ತೀರ್ಮಾನಿಸಿದೆ.

ಕೆಂಪು ಮೆತ್ತನೆ ಚೆಂಡುಗಳು ಬಾಗಿಲ ಹಿಂದಿನ ಚೀಲದಲ್ಲಿವೆ. ನೆಟ್ ಬೇಡ, ಎರಡು ಕುರ್ಚಿಗೆ ಹಗ್ಗ ಕಟ್ಟು. ಅವರ ಸೊಂಟಕ್ಕಿಂತ ಮೇಲೆ ಹೋಗದಿರಲಿ. ಮೊದಲ ಹತ್ತು ನಿಮಿಷ ರ‍್ಯಾಕೆಟ್ ಕೊಡಬೇಡ. ಚೆಂಡು ಒಂದು ಸಲ ಪುಟಿದ ಮೇಲೆ ಕೈಯಲ್ಲಿ ಹಿಡಿದರೆ ಸಾಕು. ಕೈ ತಲೆಯ ಮೇಲೆತ್ತಿ ಹೊಡೆಯುವ ಸರ್ವಿಸ್ ಕಲಿಸಲೇಬೇಡ. ದೊಡ್ಡ ರ‍್ಯಾಕೆಟ್‌ಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಕೀ ನನ್ನ ಹತ್ತಿರವೇ ಇದೆ, ಹುಡುಕಬೇಡ.

ಹೋದ ವಾರ ಕ್ಲಾಸ್ ನೋಡಲು ಬಂದು "ಮೊಣಕೈ ಎತ್ತೇ, ಇನ್ನೂ ಮೇಲೆ!" ಅಂತ ಗದರಿದೆಯಲ್ಲ, ಆ ಎರಡು ಜಡೆಯ ಗುಬ್ಬಿ ಆಮೇಲೆ ನನ್ನ ಬಳಿ ಬಂದು, "ಅಕ್ಕಾ, ಆ ತಾತ ಇನ್ನೊಂದ್ಸಲ ಬರ್ತಾರಾ?" ಅಂತ ಕೇಳಿದಳು. ಅವಳು ಎರಡೂ ಕೈಯಲ್ಲಿ ರ‍್ಯಾಕೆಟ್ ಹಿಡಿದರೆ ಹಿಡಿಯಲಿ ಬಿಡು. ಮುಖ ಊದಿಸಿಕೊಂಡು ಕೂತರೆ ನೀನೂ ಪಕ್ಕದಲ್ಲಿ ಕೂತುಕೋ.

ಎಷ್ಟನೇ ವಯಸ್ಸಿನಿಂದ ಸರ್ವಿಸ್ ಮಾಡುತ್ತಿದ್ದೀರಿ ಅಂತ ಡಾಕ್ಟರ್ ಕೇಳಿದ್ದರು. ಐದು ಅಂದೆ. ಯಾರು ಕಲಿಸಿದ್ದು ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮುಕ್ಕಾಲು ಗಂಟೆಯಾದ ಕೂಡಲೇ ಕ್ಲಾಸ್ ನಿಲ್ಲಿಸಿಬಿಡು, ಅವರು ಇನ್ನೂ ಆಡಬೇಕು ಅಂದರೂ ಸರಿ. ಆಟೋ ಹಿಡಿದು ನೇರ ಆಸ್ಪತ್ರೆಗೆ ಬಾ. ನಾನು ಕಣ್ಣು ಬಿಟ್ಟಾಗ ನೀನು ಎದುರಿಗಿರಬೇಕು.