ನನ್ನ ಲಿವರಿನ ರಿಪೋರ್ಟು

೨ ಫೆಬ್ರುವರಿ ೨೦೦೯, ಸೋಮವಾರ

ಏಳನೆಯ ತರಗತಿಯ ಗಣಿತದ ಪೇಪರು ಮೂವತ್ತೊಂದು ತಿದ್ದಿದೆ. ಸ್ಟೇಪ್ಲರ್ ಪಿನ್ ಮುಗಿದವು. ಇವರ ಕಪಾಟಿನಲ್ಲಿ ಹುಡುಕಿದರೆ... ಎಲ್‌ಐಸಿ ಕಾಗದಗಳ ಕೆಳಗೆ ಮುಂಬೈ ಆಸ್ಪತ್ರೆಯ ಲಕೋಟೆ. ಮೇಲೆ ನನ್ನ ಹೆಸರು.

ಹೋದ ಮೇ ತಿಂಗಳಲ್ಲಿ ಲಿವರಿನ ಕ್ಯಾನ್ಸರ್ ಗಡ್ಡೆ ತೆಗೆದರು. ಸೆಪ್ಟೆಂಬರಿನಲ್ಲಿ ಹೊಸ ಮಷೀನು— ಪಕ್ಕೆಲುಬಿನ ಸಂದಿಯಲ್ಲಿ ಟಕ್ ಟಕ್ ಬಡಿದು, ಲಿವರ್ ಎಷ್ಟು ಗಟ್ಟಿಯಾಗಿದೆಯೆಂದು ಅಳೆಯುವಂಥದ್ದು. ರಿಪೋರ್ಟು ತಾವೇ ತಂದು "ನಾರ್ಮಲ್ ಬಂದದ" ಎಂದಿದ್ದರು ಇವರು. ಶ್ರೀ ಏಕನಾಥರು, ಬ್ಯಾಂಕ್ ಮ್ಯಾನೇಜರು, ನನ್ನ ಗಂಡ.

ರಿಪೋರ್ಟಿನಲ್ಲಿ ಆ ಗಟ್ಟಿತನದ ಅಂಕಿ ೨೪. ಆರರ ಆಸುಪಾಸು ಇರಬೇಕಾದದ್ದು. ಕೆಳಗೆ ಡಾಕ್ಟರ ಕೈಬರಹ: ಲಿವರ್ ಬಹಳ ಗಟ್ಟಿ, ಕ್ಯಾನ್ಸರ್ ಮರಳುವ ಸಾಧ್ಯತೆ ಹೆಚ್ಚು, ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ತಪ್ಪಿಸಬಾರದು.

ಐದು ತಿಂಗಳಾಯಿತು. ಒಂದೂ ಆಗಿಲ್ಲ.

ಅದೇ ದಿನ, ಸಂಜೆ ೬

ಇವರು ಬ್ಯಾಂಕಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದೆ.

"ನೀ ಅಂಜತಿ ಅಂತ ಹೇಳಲಿಲ್ಲ, ಮೃಣಾಲ."

"ಲಿವರ್ ಯಾರದ್ರೀ? ನಿಮ್ಮದೇನು?"

"ವೈಶಾಖದಾಗ ಮಗಳ ಲಗ್ನ ಅದ. ಅದೊಂದು ಮುಗೀಲಿ ಅಂತ..."

"ಧನಶ್ರೀ ಲಗ್ನ ಆಗೋತನಕ ಕ್ಯಾನ್ಸರ್ ಬಾಗಲದಾಗ ನಿಂತು ಕಾಯ್ತದೇನು?"

ಅತ್ತರು. ಅಳುವುದನ್ನೂ ಅವರೇ ಮೊದಲು ತೆಗೆದುಕೊಂಡರು! ಸಮಾಧಾನ ಮಾಡಲಿಲ್ಲ. ಮಾಡುವುದೂ ಇಲ್ಲ.

೫ ಫೆಬ್ರುವರಿ

ಶಾಲೆಗೆ ರಜೆ ಹಾಕಿದೆ. ಒಬ್ಬಳೇ ಬಸ್ಸು ಹತ್ತಿ ಹುಬ್ಬಳ್ಳಿಗೆ. ಸ್ಕ್ಯಾನ್ ಮಾಡಿದ ಡಾಕ್ಟರು, ಸುಲಭಾ ಎಂದು ಹೆಸರು, ಹೊಟ್ಟೆಯ ಮೇಲೆ ಆಡಿಸುತ್ತಿದ್ದ ಪ್ರೋಬನ್ನು ಒಂದೇ ಕಡೆ ಒತ್ತಿ ಹಿಡಿದರು.

"ಜೊತಿಗೆ ಯಾರು ಬಂದಾರ್ರೀ? ಕರೀರಿ ಅವರನ್ನ."

"ಯಾರೂ ಇಲ್ಲ. ನನಗ ಹೇಳ್ರಿ."

ಸ್ಕ್ರೀನು ನನ್ನ ಕಡೆ ತಿರುಗಿಸಿದರು. ಕಪ್ಪು ಚುಕ್ಕೆ.

"ಒಂದೂವರಿ ಸೆಂಟಿಮೀಟರ್ ಅದ. ಸಿ.ಟಿ. ಮಾಡಿಸಿ ಖಾತ್ರಿ ಮಾಡ್ಕೋಬೇಕು. ಸಣ್ಣದದ, ಸೂಜಿ ಹಾಕಿ ಸುಡಲಿಕ್ಕೆ ಬರ್ತದ. ಲಗೂ ಹೋಗ್ರಿ."

ಡಿಸೆಂಬರಿನಲ್ಲಿ ನೋಡಿದ್ದರೆ ಎಷ್ಟಿರುತ್ತಿತ್ತು? ಇರುತ್ತಿತ್ತೋ ಇಲ್ಲವೋ? ಇನ್ನು ಯಾರೂ ಹೇಳಲಾರರು. ಸಿಟ್ಟು ಇರುವುದು ಅದಕ್ಕೇ. ಲೆಕ್ಕ ಕಲಿಸುವವಳಿಂದ ಅಂಕಿ ಮುಚ್ಚಿಟ್ಟರು.

೧೭ ಫೆಬ್ರುವರಿ, ಮುಂಬೈ, ಬೆಳಿಗ್ಗೆ ೭

ಸಿ.ಟಿ.ಯಲ್ಲೂ ಅದೇ. ಎಂಟಕ್ಕೆ ಗಡ್ಡೆ ಸುಡುತ್ತಾರೆ. ಇವರು ಹಾಸಿಗೆಯ ಪಕ್ಕದಲ್ಲಿ.

ನರ್ಸ್ ಫಾರ್ಮ್ ತಂದಳು. ಫಲಿತಾಂಶವನ್ನು ಯಾರಿಗೆ ತಿಳಿಸಬೇಕು? ಇವರು ಕೈ ಚಾಚಿದರು. ಅವರಿಗಿಂತ ಮೊದಲು ನಾನೇ ಎಳೆದುಕೊಂಡು ನನ್ನ ಹೆಸರು ಬರೆದೆ. ಹಾಳೆ ಹರಿಯುವಷ್ಟು ಒತ್ತಿ.

"ನನ್ನ ಹೆಸರೂ ಬರೀತಿ?" ಎಂದರು. ನನ್ನನ್ನು ಕೇಳಿದರು— ಮದುವೆಯಾದ ಇಪ್ಪತ್ನಾಲ್ಕು ವರ್ಷದಲ್ಲಿ ಮೊದಲ ಸಲ.

ನನ್ನ ಹೆಸರಿನ ಕೆಳಗೆ ಒಂದು ಗೆರೆ ಖಾಲಿ ಇದೆ. ಟ್ರಾಲಿ ಬಂತು. ಅವರ ಹೆಸರು ಇನ್ನೂ ಬರೆ—